ಆರಾಧನೆ ಮುಗಿದ ಮೇಲಿನ ಐದು ನಿಮಿಷ

ತಿಂಗಳ ಎರಡನೇ ಭಾನುವಾರ ನಮ್ಮ ಚರ್ಚ್ ಸಭೆಯಲ್ಲಿ ಬಿಪಿ ನೋಡುವ ದಿನ. ಸಭೆಯ ನರ್ಸ್ ಜೊತೆ ಹೊಸದಾಗಿ ಕೈಜೋಡಿಸುವ ಸ್ವಯಂಸೇವಕರು ಬಂದವರೇ ಯಂತ್ರ ಹುಡುಕುತ್ತಾರೆ. ಆದರೆ ಮೊದಲು ಹೊಂದಿಸಬೇಕಾದದ್ದು ಕುರ್ಚಿ. ಬೆನ್ನಿಗೆ ಆಸರೆ ಇರಬೇಕು, ಕೂತರೆ ಎರಡೂ ಪಾದ ನೆಲಕ್ಕೆ ಪೂರ್ತಿ ಊರಬೇಕು, ಪಕ್ಕದ ಮೇಜಿನ ಮೇಲೆ ತೋಳಿಟ್ಟರೆ ಅದು ಎದೆಯ ಮಟ್ಟಕ್ಕೆ ಬರಬೇಕು. ತೋಳು ಕೆಳಗೆ ಜೋತುಬಿದ್ದರೂ, ಕಾಲ ಮೇಲೆ ಕಾಲು ಹಾಕಿ ಕೂತರೂ ಬಿಪಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಮೇಜನ್ನು ಮುಂಬಾಗಿಲ ಹತ್ತಿರ ಹಾಕಿದರೆ ಜನ ಸುಲಭವಾಗಿ ಬರುತ್ತಾರೆ ನಿಜ, ಆದರೆ ಒಬ್ಬರ ಸಂಖ್ಯೆ ಹಿಂದೆ ನಿಂತ ಹತ್ತು ಜನರ ಕಿವಿಗೆ ಬೀಳುತ್ತದೆ. ಅದಕ್ಕೇ ಹಿಂದಿನ ಕೋಣೆ, ಒಬ್ಬೊಬ್ಬರಾಗಿ.

ತೋಳಿಗೆ ಸುತ್ತುವ ಪಟ್ಟಿ ಮೂರು ಅಳತೆಯಲ್ಲಿ ಇರಲೇಬೇಕು. ಪಟ್ಟಿಯೊಳಗಿನ ಗಾಳಿಚೀಲ ತೋಳಿನ ಸುತ್ತಳತೆಯ ಶೇ. 80ರಷ್ಟಾದರೂ ಆವರಿಸಬೇಕು. ದಪ್ಪ ತೋಳಿಗೆ ಸಣ್ಣ ಪಟ್ಟಿ ಬಿಗಿದರೆ ಇಲ್ಲದ ಬಿಪಿ ಇದೆಯೆಂದು ತೋರಿಸಿ ಒಳ್ಳೆಯ ಆರೋಗ್ಯದಲ್ಲಿರುವವರನ್ನೂ ಹೆದರಿಸಿ ಕಳಿಸುತ್ತೇವೆ. ಬಟ್ಟೆಯ ಮೇಲೆ ಪಟ್ಟಿ ಸುತ್ತಬಾರದು. ಅಂಗಿಯ ಬಿಗಿಯಾದ ತೋಳನ್ನು ಮೇಲಕ್ಕೆ ಮಡಚಿದರೆ ಅದೇ ಹಗ್ಗದಂತೆ ಒತ್ತುತ್ತದೆ, ಅದೂ ಬೇಡ. ಡಯಾಲಿಸಿಸ್‌ಗೆಂದು ಫಿಸ್ಟುಲಾ (ಆಪರೇಷನ್ ಮಾಡಿ ಎರಡು ರಕ್ತನಾಳಗಳನ್ನು ಸೇರಿಸಿದ ಜಾಗ) ಮಾಡಿರುವ ತೋಳಿಗೆ, ಸ್ತನ ಕ್ಯಾನ್ಸರ್ ಆಪರೇಷನ್‌ನಲ್ಲಿ ಕಂಕುಳ ಗ್ರಂಥಿಗಳನ್ನು ತೆಗೆದ ಕಡೆಯ ತೋಳಿಗೆ ಪಟ್ಟಿ ಹಾಕುವುದಿಲ್ಲ. ಇವೆರಡೂ ಮೇಲೆ ನೋಡಿದರೆ ಗೊತ್ತಾಗದಿರಬಹುದು, ಪ್ರತಿ ಸಲವೂ ಬಾಯಿಬಿಟ್ಟು ಕೇಳಬೇಕು.

ಇಷ್ಟಾದ ಮೇಲೆ ಐದು ನಿಮಿಷ ಸುಮ್ಮನೆ ಕೂರುವುದು. ಸಭೆಯಲ್ಲಿ ಅತಿ ಕಷ್ಟದ ಭಾಗ ಇದೇ. ಆಗ ತಾನೇ ಹಾಡಿ, ಮೆಟ್ಟಿಲಿಳಿದು, ನಾಲ್ಕು ಜನರನ್ನು ಮಾತಾಡಿಸಿ ಬಂದಿರುತ್ತಾರೆ. ಮಾತಾಡುತ್ತಿದ್ದರೂ, ಮೂತ್ರ ಕಟ್ಟಿಕೊಂಡು ಕೂತಿದ್ದರೂ ಬಿಪಿ ಏರುತ್ತದೆ. ಕಾಫಿ ಕುಡಿದು ಅರ್ಧ ಗಂಟೆಯಾದರೂ ಆಗಿರಬೇಕು. ಒಂದು ನಿಮಿಷದ ಅಂತರದಲ್ಲಿ ಎರಡು ಸಲ ನೋಡಿ ಸರಾಸರಿ ಬರೆಯುತ್ತೇವೆ.

ಇಂಥ ಒಂದು ಭಾನುವಾರ ಬಂದ ಹಿರಿಯ ತಾಯಿಯೊಬ್ಬರಿಗೆ ಮೊದಲು 168/94 ಬಂತು. ಸ್ವಯಂಸೇವಕಿ ಗಾಬರಿಯಾಗಿ ನರ್ಸ್ ಮುಖ ನೋಡಿದಳು. ಪಟ್ಟಿ ಸಣ್ಣದಾಗಿತ್ತು, ಕೂತು ಎರಡೇ ನಿಮಿಷವಾಗಿತ್ತು. ದೊಡ್ಡ ಪಟ್ಟಿ ಹಾಕಿ, ಐದು ನಿಮಿಷ ಬಿಟ್ಟು ನೋಡಿದಾಗ 152/88. ಇಳಿದಿದೆ, ಆದರೂ ಹೆಚ್ಚೇ. ‘ಮಾತ್ರೆ ತಗೊಳ್ತಿದ್ದೀರಾ?’ ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ. ನರ್ಸ್ ಬೇರೆ ತರ ಕೇಳಿದರು: ‘ಅಮ್ಮಾ, ವಾರದಲ್ಲಿ ಎಷ್ಟು ದಿನ ಮಾತ್ರೆ ತಪ್ಪುತ್ತೆ?’

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ದನಿ ತಗ್ಗಿಸಿ ಹೇಳಿದರು: ‘ಭಾನುವಾರ ತಗೊಳ್ಳಲ್ಲ ಸಿಸ್ಟರ್. ಬುಧವಾರ ಪ್ರಾರ್ಥನೆ ಕೂಟ ಇದ್ದರೆ ಅವತ್ತೂ ಇಲ್ಲ. ಆ ನೀರಿನ ಮಾತ್ರೆ ತಗೊಂಡ್ರೆ ಮೂರು ಸಲ ಎದ್ದು ಹೋಗಬೇಕು. ಎಲ್ಲರ ಕಾಲು ದಾಟಿಕೊಂಡು ಹೇಗೆ ಹೋಗಲಿ?’

ಮೂತ್ರ ಹೆಚ್ಚಿಸಿ ದೇಹದ ನೀರು ಇಳಿಸುವ ಮಾತ್ರೆಯನ್ನು ಹೊರಗೆ ಹೋಗುವ ದಿನ ಬಿಡುವುದು ತೀರಾ ಸಾಮಾನ್ಯ. ಆಸ್ಪತ್ರೆಯಲ್ಲಿ ಇದನ್ನು ಹೇಳಿಕೊಳ್ಳುವವರು ಕಡಿಮೆ. ಡಾಕ್ಟರ ಮುಂದೆ ನಾಚಿಕೆ, ಸಮಯವೂ ಇರುವುದಿಲ್ಲ. ಬಿಪಿ ಇಳಿದಿಲ್ಲವೆಂದು ಡೋಸ್ ಏರಿಸಿಬಿಡುವ ಅಪಾಯವೂ ಉಂಟು. ಆ ತಾಯಿಗೆ ಬೇಕಾಗಿದ್ದದ್ದು ಹೊಸ ಮಾತ್ರೆಯಲ್ಲ, ಬಾಗಿಲ ಪಕ್ಕದ ಸಾಲಿನ ಕೊನೆಯ ಕುರ್ಚಿ. ಮಾತ್ರೆಯ ಹೊತ್ತು ಬದಲಿಸಬಹುದೇ ಎಂಬುದನ್ನು ನಾವು ತೀರ್ಮಾನಿಸುವಂತಿಲ್ಲ. ಎರಡು ಸಲದ ಸಂಖ್ಯೆ, ತಪ್ಪಿದ ದಿನಗಳು, ಕಾರಣ, ಇಷ್ಟನ್ನು ಚೀಟಿಯಲ್ಲಿ ಬರೆದು ಅವರ ಡಾಕ್ಟರಿಗೆ ತೋರಿಸಲು ಕೊಟ್ಟೆವು. ಕುರ್ಚಿಯ ವಿಷಯ ಮಾತ್ರ ನಮ್ಮ ಕೈಯಲ್ಲಿತ್ತು. ಆಕೆಯ ಒಪ್ಪಿಗೆ ಪಡೆದು, ಕಾರಣ ಹೇಳದೆ, ಆಸನ ನೋಡಿಕೊಳ್ಳುವವರಿಗೆ ತಿಳಿಸಿದೆವು.

1984ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಲೂಥರನ್ ಪಾದ್ರಿ ಗ್ರೇಂಜರ್ ವೆಸ್ಟ್‌ಬರ್ಗ್ ಪ್ಯಾರಿಷ್ ನರ್ಸಿಂಗ್ (ಚರ್ಚ್ ಸಭೆಯ ನರ್ಸಿಂಗ್) ಎಂದು ಈ ಕೆಲಸಕ್ಕೆ ರೂಪ ಕೊಟ್ಟಾಗ ಅವರ ಮನಸ್ಸಿನಲ್ಲಿದ್ದದ್ದು ಇಂಥ ಜಾಗವೇ: ಒಂದು ಕಾಲು ವೈದ್ಯಲೋಕದಲ್ಲಿ, ಇನ್ನೊಂದು ಸಭೆಯಲ್ಲಿ ಇಟ್ಟು ನಿಲ್ಲಬಲ್ಲ ನರ್ಸ್. ಯೆಹೂದ್ಯರ, ಮುಸ್ಲಿಮರ ಸಮುದಾಯಗಳಿಗೂ ಹೊಂದುವಂತೆ 2005ರಲ್ಲಿ ಅಲ್ಲಿ ಹೆಸರನ್ನು ಫೇಯ್ತ್ ಕಮ್ಯುನಿಟಿ ನರ್ಸಿಂಗ್ (ಧಾರ್ಮಿಕ ಸಮುದಾಯದ ನರ್ಸಿಂಗ್) ಎಂದು ಬದಲಿಸಿದರು. ಈ ಪಾತ್ರದಲ್ಲಿರುವ ನರ್ಸ್ ಸಾಮಾನ್ಯವಾಗಿ ಗಾಯಕ್ಕೆ ಪಟ್ಟಿ ಕಟ್ಟುವುದಿಲ್ಲ, ಇಂಜೆಕ್ಷನ್ ಕೊಡುವುದಿಲ್ಲ. ಕೇಳುವುದು, ತಿಳಿಸಿಹೇಳುವುದು, ಸರಿಯಾದ ಕಡೆಗೆ ಕಳಿಸುವುದು, ಹೋದರೋ ಇಲ್ಲವೋ ಎಂದು ಬೆನ್ನುಹತ್ತುವುದು. ಈ ಕೊನೆಯದನ್ನು ಬಿಟ್ಟರೆ ಉಳಿದದ್ದೆಲ್ಲ ಅರ್ಧ ಕೆಲಸ.

180/120 ದಾಟಿದರೆ ಮಾತೇ ಬೇರೆ. ಜೊತೆಗೆ ಎದೆನೋವು, ಉಸಿರುಕಟ್ಟು, ಮಾತು ತೊದಲುವುದು, ಒಂದು ಕಡೆ ಬಲ ಕುಂದುವುದು, ದೃಷ್ಟಿ ಮಂಜಾಗುವುದು, ಯಾವುದೊಂದಿದ್ದರೂ ಆಂಬುಲೆನ್ಸ್ ಕರೆಯಬೇಕು. ಅಂಥ ಲಕ್ಷಣವಿಲ್ಲದಿದ್ದರೆ ಕೂರಿಸಿ ಮತ್ತೆ ನೋಡಿ, ಇಳಿಯದಿದ್ದರೆ ಅವತ್ತೇ ಡಾಕ್ಟರನ್ನು ಸಂಪರ್ಕಿಸಬೇಕು. ‘ಪ್ರಾರ್ಥನೆ ಮಾಡಿ ನೋಡೋಣ’ ಎಂದು ಯಾರಾದರೂ ತಡೆದರೆ, ಪ್ರಾರ್ಥನೆ ಆಂಬುಲೆನ್ಸ್‌ನಲ್ಲೂ ಆಗುತ್ತದೆ ಎಂದು ಮೆಲ್ಲಗೆ, ಗಟ್ಟಿಯಾಗಿ ಹೇಳಬೇಕು.

ಪ್ರಾರ್ಥನೆಯದೇ ಇನ್ನೊಂದು ತೊಡಕು. ಪ್ರಾರ್ಥನಾ ಪಟ್ಟಿಯಲ್ಲಿ ಹೆಸರು, ಪಕ್ಕದಲ್ಲಿ ಕಾಯಿಲೆ. ಓದುವವರದು ಪ್ರೀತಿಯೇ, ಆದರೆ ತನ್ನ ರೋಗ ಮೈಕಿನಲ್ಲಿ ಕೇಳಿದವರು ಮತ್ತೆ ಬಿಪಿ ನೋಡುವ ಕೋಣೆಗೆ ಬರುವುದಿಲ್ಲ. ಹೆಸರು ಹೇಳಲೇ, ಕಾಯಿಲೆ ಹೇಳಲೇ, ಎಷ್ಟು ವಾರ ಹೇಳಲಿ ಎಂದು ಮೂರನ್ನೂ ಬೇರೆ ಬೇರೆಯಾಗಿ ಕೇಳಬೇಕು. ಮನೆಯವರು ಒಪ್ಪಿದರೆ ಸಾಲದು, ರೋಗಿಯೇ ಒಪ್ಪಬೇಕು.

ಅದೇ ಭಾನುವಾರ ಮಧ್ಯಾಹ್ನ ಒಂದು ಮನೆ ಭೇಟಿ. ಹೃದಯ ವೈಫಲ್ಯಕ್ಕೆ (ಹೃದಯದ ಬಲ ಕುಂದಿ ದೇಹದಲ್ಲಿ ನೀರು ತುಂಬುವ ಕಾಯಿಲೆ) ಚಿಕಿತ್ಸೆ ಪಡೆದು ನಾಲ್ಕು ದಿನದ ಹಿಂದೆ ಡಿಸ್ಚಾರ್ಜ್ ಆದವರು. ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದೇ ಮೇಜಿನ ಮೇಲೆ ತರಿಸಿದೆವು, ಹಳೆಯವನ್ನೂ. ಹೀಗೆ ತರಿಸದಿದ್ದರೆ ಒಂದೇ ಔಷಧ ಎರಡು ಕಂಪನಿ ಹೆಸರಿನಲ್ಲಿ ಹೊಟ್ಟೆ ಸೇರುತ್ತಿರುವುದು ಗೊತ್ತಾಗುವುದೇ ಇಲ್ಲ. ಅಲ್ಲೂ ಅದೇ ಆಗಿತ್ತು. ಡಿಸ್ಚಾರ್ಜ್ ಚೀಟಿ ಪಕ್ಕದಲ್ಲಿಟ್ಟು ಒಂದೊಂದನ್ನೇ ತಾಳೆ ನೋಡಿ, ಅಲ್ಲಿಂದಲೇ ಆಸ್ಪತ್ರೆಗೆ ಫೋನ್ ಮಾಡಿ ಯಾವುದು ನಿಲ್ಲಬೇಕೆಂದು ಅವರ ಬಾಯಲ್ಲೇ ಹೇಳಿಸಿದೆವು. ತೂಕದ ಯಂತ್ರ ದಪ್ಪ ಚಾಪೆಯ ಮೇಲಿತ್ತು, ಅದನ್ನು ಗಟ್ಟಿ ನೆಲಕ್ಕೆ ಇಳಿಸಿದೆವು. ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದ ಮೇಲೆ, ತಿಂಡಿಗೆ ಮುಂಚೆ, ಅಷ್ಟೇ ಬಟ್ಟೆಯಲ್ಲಿ ತೂಕ ನೋಡಬೇಕು. ಎರಡು ಮೂರು ದಿನದಲ್ಲಿ 2 ಕಿಲೋ ಏರಿದರೆ ಅದು ಕೊಬ್ಬಲ್ಲ, ಬಹುಪಾಲು ನೀರು. ಕಾಲು ಊದುವವರೆಗೆ ಕಾಯದೆ ಫೋನ್ ಮಾಡಬೇಕು.

ಹೊರಡುವಾಗ ಅವರ ಹೆಂಡತಿ ಬಾಗಿಲವರೆಗೂ ಬಂದರು. ಎಂಟು ದಿನದಿಂದ ಸರಿಯಾಗಿ ನಿದ್ದೆಯಿಲ್ಲ, ರಾತ್ರಿ ಅವರ ಉಸಿರು ಎಣಿಸುತ್ತಾ ಕೂರುತ್ತೇನೆ ಎಂದರು. ಮತ್ತೆ ಒಳಗೆ ಹೋಗಿ ಕೂತೆವು.

ಸಂಜೆ ಬೀಗದ ಕಪಾಟಿನ ದಾಖಲೆ ಪುಸ್ತಕದಲ್ಲಿ ಬರೆದದ್ದು ಇಷ್ಟು: ಬುಧವಾರ ಹಿರಿಯ ತಾಯಿಗೆ ಫೋನ್, ಡಾಕ್ಟರ್ ಏನೆಂದರು ಕೇಳುವುದು. ಗುರುವಾರ ಆ ಮನೆಗೆ ಫೋನ್, ನಾಲ್ಕು ದಿನದ ತೂಕ ಕೇಳುವುದು. ಶುಕ್ರವಾರ ರಾತ್ರಿ ಅಲ್ಲಿ ಉಳಿಯಲು ಒಪ್ಪಿದ ಇಬ್ಬರು ಸ್ವಯಂಸೇವಕರ ಹೆಸರು.