ಒಟ್ಟು ಎಷ್ಟು ಕೋಟಿ ನಷ್ಟ?

ವರ್ಷಗಟ್ಟಲೆ ಹಿಂಸೆ ನಡೆದ ಯಾವುದೇ ಊರಿನ ಮಾತು ಬರಲಿ, ಅರ್ಥಶಾಸ್ತ್ರದವರಿಗೆ ಪ್ರಶ್ನೆ ಒಂದೇ: "ಒಟ್ಟು ಎಷ್ಟು ಕೋಟಿ ನಷ್ಟ ಸಾರ್?" ಸುಟ್ಟ ಬಸ್ಸು, ಒಡೆದ ಗಾಜು, ಕೊಟ್ಟ ಪರಿಹಾರ ಕೂಡಿಸಿ ಒಂದು ಅಂಕಿ ಬಿಸಾಕಬೇಕು, ಕೇಳಿದವರು ಅದನ್ನು ವಾಟ್ಸಾಪಿಗೆ ಹಾಕಬೇಕು. ಕೊಡೋದಿಲ್ಲ. ಸುಟ್ಟ ಬಸ್ಸಿಗೆ ಬಿಲ್ ಇರುತ್ತದೆ. ಯಾರೂ ಕಟ್ಟದೇ ಹೋದ ಕಾರ್ಖಾನೆಗೆ ಬಿಲ್ ಎಲ್ಲಿಂದ ತರೋಣ? ಅಂಗರಕ್ಷಕರ ಸಂಬಳವಂತೂ ಜಿಡಿಪಿಯಲ್ಲಿ ಜಮೆಯಾಗುತ್ತದೆ!

ಸ್ಪೇನಿನ ಬಾಸ್ಕ್ ಪ್ರಾಂತ್ಯ ನೋಡಿ. 1970ರ ದಶಕದ ಆರಂಭದಲ್ಲಿ ತಲಾ ಆದಾಯದಲ್ಲಿ ದೇಶಕ್ಕೆ ಮೂರನೆಯದು. ಪ್ರತ್ಯೇಕ ದೇಶ ಬೇಕೆಂದ ಇಟಿಎ ಎಂಬ ಸಶಸ್ತ್ರ ಗುಂಪು 800ಕ್ಕೂ ಹೆಚ್ಚು ಜನರನ್ನು ಕೊಂದಿತು, ಉದ್ಯಮಿಗಳನ್ನು ಅಪಹರಿಸಿತು, 'ಕ್ರಾಂತಿ ತೆರಿಗೆ' ಅಂತ ಹಫ್ತಾ ಎತ್ತಿತು. 1990ರ ದಶಕದ ಕೊನೆಗೆ ಪ್ರಾಂತ್ಯ ಆರನೆಯ ಸ್ಥಾನಕ್ಕಿಳಿದಿತ್ತು.

ಇಳಿದದ್ದಷ್ಟೂ ಹಿಂಸೆಯ ಖಾತೆಗೇ? ಅಲ್ಲ. ಅಲ್ಲಿನ ಬದುಕು ನಿಂತಿದ್ದೇ ಉಕ್ಕು, ಹಡಗು ನಿರ್ಮಾಣದ ಮೇಲೆ. ಆ ವರ್ಷಗಳಲ್ಲಿ ಯುರೋಪಿನಲ್ಲೆಲ್ಲ ಅವೆರಡೂ ನೆಲಕಚ್ಚಿದ್ದವು. ಒಂದು ಗುಂಡೂ ಹಾರದಿದ್ದರೂ ಪೆಟ್ಟು ಬೀಳುತ್ತಿತ್ತು. ಹಾಗಾಗಿ ಕೇಳಬೇಕಾದ್ದು "ಯಾವುದಕ್ಕೆ ಹೋಲಿಸಿ?" ಅಂತ. ಇದನ್ನು ಕೇಳಿದವರಿಗೆ ಕಾಫಿ ನನ್ನ ಲೆಕ್ಕ.

ಅರ್ಥಶಾಸ್ತ್ರಜ್ಞರಾದ ಆಲ್ಬರ್ಟೊ ಅಬಾಡಿ ಮತ್ತು ಹವಿಯರ್ ಗಾರ್ದೆಯಾಸಬಾಲ್ 2003ರಲ್ಲಿ ಪ್ರಕಟಿಸಿದ ಲೆಕ್ಕ ಹೀಗಿದೆ. ಹಿಂಸೆ ಜೋರಾಗುವ ಮುಂಚಿನ ಆದಾಯ, ಹೂಡಿಕೆ, ಓದು, ಜನಸಾಂದ್ರತೆ, ಉದ್ಯಮಗಳ ಪಾಲು ತಗೊಂಡು, ಅವಕ್ಕೆ ಹೊಂದುವಂತೆ ಬೇರೆ ಪ್ರಾಂತ್ಯಗಳನ್ನು ಬೆರೆಸಿ, ಹಿಂಸೆ ಇಲ್ಲದಿದ್ದರೆ ಹೇಗಿರುತ್ತಿತ್ತು ಅಂತ ತೋರಿಸುವ ಒಂದು ನಕಲಿ ಬಾಸ್ಕ್ ಮಾಡಿದರು. ಹದ ಕೂತದ್ದು ಕ್ಯಾಟಲೋನಿಯಾ ಸುಮಾರು 85 ಪಾಲು, ಮ್ಯಾಡ್ರಿಡ್ 15 ಪಾಲಿಗೆ, ಮಿಕ್ಕವಕ್ಕೆ ಸೊನ್ನೆ. ಶುರುವಿನಲ್ಲಿ ಅಸಲಿ, ನಕಲಿ ಗೆರೆಗಳು ಹೆಚ್ಚುಕಡಿಮೆ ಒಂದರ ಮೇಲೊಂದು ಕೂರುತ್ತವೆ. 1970ರ ದಶಕದ ನಡುವಿನಿಂದ ಅಸಲಿ ಕೆಳಗಿಳಿಯುತ್ತದೆ. ಮುಂದಿನ ಎರಡು ದಶಕಗಳಲ್ಲಿ ತಲಾ ಜಿಡಿಪಿಯ ಅಂತರ ಸರಾಸರಿ ಶೇ. 10ರಷ್ಟು.

ಹದ ಕೆಡುವುದೂ ಉಂಟು. ಬಾಸ್ಕ್ ಬಿಟ್ಟ ಬಂಡವಾಳ ಮ್ಯಾಡ್ರಿಡ್ ಸೇರಿದ್ದರೆ ಅಂತರ ಉಬ್ಬುತ್ತದೆ. ಬಾಂಬು ಅಲ್ಲೂ ಸಿಡಿದಿದ್ದರೆ (ಸಿಡಿದಿತ್ತು) ಕುಗ್ಗುತ್ತದೆ. ಆದ್ದರಿಂದ ಇನ್ನೊಂದು ಕಡೆಯಿಂದಲೂ ನೋಡಿದರು: 1998ರ ಸೆಪ್ಟೆಂಬರಿನಲ್ಲಿ ಇಟಿಎ ಸಾರಿದ ಕದನವಿರಾಮ ನಂಬಿಕೆಗೆ ಅರ್ಹ ಅನ್ನಿಸತೊಡಗಿದಂತೆ ಬಾಸ್ಕ್ ವ್ಯವಹಾರ ಹೆಚ್ಚಿದ್ದ ಕಂಪನಿಗಳ ಷೇರು ಮೇಲೆದ್ದವು, 1999ರ ಕೊನೆಗೆ ಅದು ಮುರಿದಾಗ ಬಿದ್ದವು. ಉಕ್ಕಿನ ಬೆಲೆಗೆ ಈ ತಾರೀಖುಗಳು ಗೊತ್ತಿರಲು ಸಾಧ್ಯವಿಲ್ಲ.

ಬಿಲ್ಲೇ ಬೇಕೆನ್ನುವವರಿಗೆ ಒಂದಿದೆ. ಬಿಲ್ಬಾವೊ ಹತ್ತಿರದ ಕಡಲಂಚಿನಲ್ಲಿ ಲೆಮೋನಿಸ್ ಅಣುಸ್ಥಾವರ. ಬಾಂಬುಗಳ ನಂತರ 1981ರಲ್ಲಿ ಇಟಿಎ ಅಲ್ಲಿನ ಎಂಜಿನಿಯರನ್ನು ಅಪಹರಿಸಿ ಕೊಂದಿತು, ಕೆಲಸ ನಿಂತಿತು. ಅಲ್ಲಿಂದ ಒಂದು ಯೂನಿಟ್ ಕರೆಂಟೂ ಬರಲಿಲ್ಲ. ಇದೂ ಸೇರಿ ಅರ್ಧಕ್ಕೆ ನಿಂತ ಸ್ಥಾವರಗಳ ಪರಿಹಾರ 2015ರ ತನಕ ಸ್ಪೇನಿನ ಮನೆಮನೆಯ ಕರೆಂಟ್ ಬಿಲ್ಲಿನಲ್ಲಿತ್ತು.