ಗಂಟೆಯ ಹಗ್ಗ

ಬೈಬಲ್ ತರಗತಿಯ ನಮ್ಮ ಮೇಷ್ಟ್ರು ಕಳೆದ ತಿಂಗಳು ತೀರಿಕೊಂಡರೆಂದು ತಿಳಿದ ರಾತ್ರಿ, ಅವರು ಕಲಿಸಿದ್ದರಲ್ಲಿ ನನ್ನಲ್ಲಿ ಉಳಿದಿರುವುದೇನೆಂದು ನೆನಪಿಸಿಕೊಳ್ಳುತ್ತಾ ಕುಳಿತೆ. ಅರಸರ ವಂಶಾವಳಿ, ಪ್ರವಾದಿಗಳ ಕಾಲ, ಅಪೊಸ್ತಲ ಪೌಲನ ಪ್ರಯಾಣಗಳ ನಕ್ಷೆ ಎಲ್ಲವೂ ಅಳಿಸಿಹೋಗಿವೆ. ಉಳಿದಿರುವುದು ಯೋಹಾನನ ಸುವಾರ್ತೆಯ 21ನೆಯ ಅಧ್ಯಾಯ ಮತ್ತು ಶಾಲೆಯ ಗಂಟೆಯ ಹಗ್ಗ.

ಒಂಬತ್ತನೆಯ ತರಗತಿಯಲ್ಲಿದ್ದಾಗ ಒಂದು ಮಧ್ಯಾಹ್ನ, ಯಾರೂ ಇಲ್ಲದ ಸಮಯ ನೋಡಿ, ಶಾಲೆ ಬಿಡುವ ಗಂಟೆಯನ್ನು 30 ನಿಮಿಷ ಮೊದಲೇ ಬಾರಿಸಿಬಿಟ್ಟೆ. ಇಡೀ ಶಾಲೆ ಹೋ ಎಂದು ಹೊರಗೆ ನುಗ್ಗಿತು. ಮರುದಿನ ತಪ್ಪು ಬೇರೊಬ್ಬ ಹುಡುಗನ ತಲೆಗೆ ಬಂತು. ಅವನು ಬೆಂಚಿನ ಮೇಲೆ ನಿಂತಿದ್ದಷ್ಟು ಹೊತ್ತೂ ನಾನು ಪುಸ್ತಕದಿಂದ ಕಣ್ಣೆತ್ತಲಿಲ್ಲ. ನಿನಗೇನಾದರೂ ಗೊತ್ತೇ ಎಂದು ಮೇಷ್ಟ್ರು ಕೇಳಿದಾಗ ಇಲ್ಲವೆಂದೆ.

ಆ ವಾರ ಅವರು ಯೇಸುವಿನ ಶಿಷ್ಯ ಪೇತ್ರನ ಪಾಠವನ್ನು ಎತ್ತಿಕೊಂಡರು. ಯೇಸುವನ್ನು ಬಂಧಿಸಿದ ರಾತ್ರಿ ಮಹಾಯಾಜಕನ ಅಂಗಳದಲ್ಲಿ ಇದ್ದಲಿನ ಬೆಂಕಿ ಕಾಯಿಸಿಕೊಳ್ಳುತ್ತಾ ನಿಂತಿದ್ದ ಪೇತ್ರನು ತಾನು ಯೇಸುವಿನ ಶಿಷ್ಯನೇ ಅಲ್ಲವೆಂದಿದ್ದನು. ಪುನರುತ್ಥಾನದ ನಂತರ ತಿಬೇರಿಯ ಸಮುದ್ರದ ದಡದಲ್ಲಿ ಯೇಸು ಮೀನು ಇಟ್ಟು ಕಾದಿದ್ದುದೂ ಇದ್ದಲಿನ ಬೆಂಕಿಯ ಮೇಲೆಯೇ. ಇಡೀ ಹೊಸ ಒಡಂಬಡಿಕೆಯಲ್ಲಿ ಇದ್ದಲಿನ ಬೆಂಕಿ ಎಂಬರ್ಥದ ಆ ಗ್ರೀಕ್ ಪದ ಬರುವುದು ಈ ಎರಡೇ ಕಡೆ. ಆ ದಡದಲ್ಲಿ ಯೇಸು ಪೇತ್ರನನ್ನು ‘ನನ್ನನ್ನು ಪ್ರೀತಿಸುತ್ತೀಯಾ’ ಎಂದು ಮೂರು ಸಲ ಕೇಳುತ್ತಾನೆ. ಮೊದಲ ಎರಡು ಸಲ ಯೇಸು ಬಳಸುವುದು ನಿಸ್ವಾರ್ಥ ಪ್ರೀತಿಗೆ ಸಲ್ಲುವ ಗ್ರೀಕ್ ಪದವಾದ ಅಗಾಪೆಯ ಕ್ರಿಯಾಪದವನ್ನು, ಪೇತ್ರನು ಉತ್ತರಿಸುವುದು ಸ್ನೇಹಕ್ಕೆ ಸಲ್ಲುವ ಫಿಲಿಯಾದ ಕ್ರಿಯಾಪದದಿಂದ. ಮೂರನೆಯ ಸಲ ಯೇಸುವೇ ಪೇತ್ರನ ಪದಕ್ಕೆ ಬರುತ್ತಾನೆ. ಯೋಹಾನನು ಇವೆರಡನ್ನೂ ಅದಲುಬದಲು ಮಾಡಿ ಬಳಸುವುದರಿಂದ ಇದಕ್ಕೆ ಹೆಚ್ಚಿನ ಅರ್ಥ ಹಚ್ಚಬಾರದೆನ್ನುವ ವಿದ್ವಾಂಸರಿದ್ದಾರೆಂಬುದನ್ನೂ ಮೇಷ್ಟ್ರು ನಮ್ಮಿಂದ ಮುಚ್ಚಿಡಲಿಲ್ಲ. ಅವರು ಒತ್ತಿ ಹೇಳಿದ್ದು ಬೇರೆಯದು: ಯೇಸು ಅಲ್ಲಿ ಹಳೆಯ ತಪ್ಪಿನ ಮಾತನ್ನೇ ಎತ್ತುವುದಿಲ್ಲ, ಪ್ರತಿ ಉತ್ತರಕ್ಕೂ ತನ್ನ ಕುರಿಗಳನ್ನು ನೋಡಿಕೊಳ್ಳುವ ಕೆಲಸವನ್ನು ಒಪ್ಪಿಸುತ್ತಾನೆ.

ತರಗತಿ ಮುಗಿದೊಡನೆ ನಾನಾಗಿಯೇ ಹೋಗಿ ಒಪ್ಪಿಕೊಂಡೆ. ಆ ಹುಡುಗನಿಗೂ ಹೇಳಬೇಕೆಂದರು. ಹೇಳಿದೆ, ಅದು ಹೆಚ್ಚು ಕಷ್ಟದ್ದಾಗಿತ್ತು. ಆಮೇಲೆ, “ನಾಳೆಯಿಂದ ಗಂಟೆ ನೀನೇ ಹೊಡಿ” ಎಂದರು. ಆ ಹಗ್ಗದ ತುದಿಗೊಂದು ಗಂಟಿತ್ತು, ಬೆವರು ಕುಡಿದು ಕಪ್ಪಾಗಿ ಮರದಂತೆ ಗಟ್ಟಿಯಾದದ್ದು. ಉಳಿದ ವರ್ಷವೆಲ್ಲ ಅದು ನನ್ನ ಅಂಗೈಯಲ್ಲಿತ್ತು. ಒಂದು ದಿನವೂ ಒಂದು ನಿಮಿಷ ಆಚೀಚೆ ಆಗಗೊಡಲಿಲ್ಲ.

ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಪ್ರೀತಿಯ ಕುರಿತಾದ 13ನೆಯ ಅಧ್ಯಾಯ ಇಂದು ಮೌಲ್ಯಶಿಕ್ಷಣದ ಪರೀಕ್ಷೆಯಲ್ಲಿ ಬಿಟ್ಟ ಸ್ಥಳ ತುಂಬುವ ಪ್ರಶ್ನೆಯಾಗಿರುವುದನ್ನು ಕಂಡಾಗ ನನಗೆ ನೋವಾಗುತ್ತದೆ. ತಾಳಿಕೊಳ್ಳುವುದು, ದಯೆ ತೋರುವುದು, ಅಪಕಾರವನ್ನು ಲೆಕ್ಕದಲ್ಲಿ ಬರೆದಿಡದಿರುವುದು ಎಂದು ಪೌಲನು ಅಲ್ಲಿ ಪ್ರೀತಿಯನ್ನು ಕ್ರಿಯಾಪದಗಳಲ್ಲಿಯೇ ಹೇಳಿದ್ದಾನೆ, ಮತ್ತು ‘ಲೆಕ್ಕ’ ಎಂಬರ್ಥದ ಆ ಗ್ರೀಕ್ ಪದ ಜಮಾಖರ್ಚಿನಲ್ಲಿಯೂ ಬಳಕೆಯಲ್ಲಿದ್ದದ್ದು. ಮೇಷ್ಟ್ರು ನನ್ನ ಹೆಸರಿನ ಮುಂದೆ ಯಾವ ಪುಸ್ತಕದಲ್ಲಿಯೂ ಏನನ್ನೂ ಬರೆಯಲಿಲ್ಲ.

ಮುಂದೆ ನಾನು ಮುಖ್ಯೋಪಾಧ್ಯಾಯನಾದ ಶಾಲೆಗೆ ವಿದ್ಯುತ್ ಗಂಟೆ ಬಂದಾಗಲೂ ಹಳೆಯ ಗಂಟೆಯನ್ನು ತೆಗೆಸಲು ಒಪ್ಪಲಿಲ್ಲ. ಪ್ರತಿ ಜೂನ್ ತಿಂಗಳಲ್ಲಿ ಆ ಹಗ್ಗವನ್ನು ಯಾರ ಕೈಗೆ ಕೊಡಬೇಕೆಂದು ಬಹಳ ಯೋಚಿಸುತ್ತಿದ್ದೆ. ತರಗತಿಗೆ ಮೊದಲಿಗನಾದ ಹುಡುಗನಿಗೆ ಅದು ಒಮ್ಮೆಯೂ ಸಿಗಲಿಲ್ಲ.