ಹಸಿವೇ ಬಾರದ ಎತ್ತರದಲ್ಲಿ

ಲಡಾಖಿನ ಕಾಂಗ್ ಯಾತ್ಸೆ-2 ಶಿಖರಕ್ಕೆ ನಾವು ನಾಲ್ವರು ಹೊರಟಾಗ ರೇಷನ್ ಜವಾಬ್ದಾರಿ ನನ್ನದು. ಎತ್ತರ 6,250 ಮೀಟರ್. ಎರಡು ವಾರ ರಾತ್ರಿ ಕೂತು ಲೆಕ್ಕ ಹಾಕಿದ್ದೆ: ತಲೆಗೆ ದಿನಕ್ಕೆ 3,500 ಕ್ಯಾಲರಿ, ತೂಕ 700 ಗ್ರಾಂ ಮೀರಬಾರದು. ಹಿಟ್ಟು, ಸಕ್ಕರೆಯ ಒಂದು ಗ್ರಾಂ ಕೊಡುವುದು 4 ಕ್ಯಾಲರಿ, ಕೊಬ್ಬಿನ ಒಂದು ಗ್ರಾಂ 9. ಹಾಗಾಗಿ ಗೋಡಂಬಿ, ಬಾದಾಮಿ, ಚೀಸ್, ಪೀನಟ್ ಬಟರ್‌ನಿಂದಲೇ ಚೀಲ ತುಂಬಿತು. ಅಮ್ಮ, "ಒಂದು ಕೆಜಿ ಹುರಿಹಿಟ್ಟು ಮಾಡಿಕೊಡ್ತೀನಿ ಕಣೋ, ಬಿಸಿನೀರಲ್ಲಿ ಕಲಸಿಕೊಂಡ್ರೆ ಆಯ್ತು" ಅಂದಳು. "ಬೇಡಮ್ಮ, ತೂಕ ಜಾಸ್ತಿ ಆಗುತ್ತೆ" ಅಂದುಬಿಟ್ಟೆ.

ಶಿಖರದ ದಾರಿಯಲ್ಲಿ ಸಿಗುವ ಮಾರ್ಖಾ ಕಣಿವೆಯಲ್ಲಿ ಎಲ್ಲರೂ ಚೆನ್ನಾಗಿ ಉಂಡೆವು. ಬೇಸ್ ಕ್ಯಾಂಪ್ ಮುಟ್ಟಿದ ಮೇಲೆ ಕತೆ ಬದಲಾಯಿತು. ಸುಮಾರು 5,100 ಮೀಟರ್. ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ. ನೀರು 83 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ, ಕುಕ್ಕರ್ ಇಲ್ಲದೆ ಅಕ್ಕಿ ಸರಿಯಾಗಿ ಬೇಯುವುದಿಲ್ಲ. ಆದರೆ ಅನ್ನ ಬೆಂದರೂ ತಿನ್ನುವವರಿರಲಿಲ್ಲ. ನನ್ನ ಗೆಳೆಯ ಎರಡು ತುತ್ತಿಗೇ ತಟ್ಟೆ ಕೆಳಗಿಟ್ಟ. ಬಾದಾಮಿ ಕೊಟ್ಟರೆ ಅಗಿದು ಅಗಿದು ನುಂಗಲಾಗದೆ ಉಗಿದ. ನನಗೆ ಹೆದರಿಕೆಯಾಯಿತು, ಯಾಕೆಂದರೆ ಹಸಿವು ಸಾಯುವುದು ಎತ್ತರದ ಕಾಯಿಲೆಯ ಲಕ್ಷಣವೂ ಹೌದು. ತಲೆನೋವು, ವಾಕರಿಕೆ ಸೇರಿದರೆ ಮೇಲೆ ಹೋಗುವ ಮಾತೇ ಇಲ್ಲ. ಅವನಿಗೆ ಅವೆರಡೂ ಇರಲಿಲ್ಲ. ಊಟ ಸೇರುತ್ತಿರಲಿಲ್ಲ, ಅಷ್ಟೇ.

ನಾನು ಮಾಡಿದ ತಪ್ಪು ಅಲ್ಲಿ ಕೂತಾಗ ಅರ್ಥವಾಯಿತು. ಕೊಬ್ಬು ತೂಕದಲ್ಲಿ ಹಗುರ, ನಿಜ. ಆದರೆ ಜೀರ್ಣವಾಗುವುದು ನಿಧಾನ. ಅಷ್ಟೇ ಶಕ್ತಿಗೆ ಅದು ಪಿಷ್ಟಕ್ಕಿಂತ ಹೆಚ್ಚು ಆಮ್ಲಜನಕವನ್ನೂ ಕೇಳುತ್ತದೆ, ಅಲ್ಲಿ ಕೊರತೆಯಿರುವುದೇ ಅದರದ್ದು. ನಾನು ಚೀಲದ ತೂಕ ನೋಡಿದ್ದೆ, ತಿನ್ನುವವರ ಬಾಯಿಯನ್ನು ನೋಡಿರಲಿಲ್ಲ.

ಮಧ್ಯರಾತ್ರಿ ಹೊರಟೆವು. ನೀರಿನ ಬಾಟಲಿಯನ್ನು ತಲೆಕೆಳಗಾಗಿ ಇಟ್ಟುಕೊಂಡಿದ್ದೆ. ಮಂಜು ಕಟ್ಟುವುದು ಮೇಲಿನಿಂದ, ಹಾಗಿಟ್ಟರೆ ಮುಚ್ಚಳ ಸಿಕ್ಕಿಕೊಳ್ಳುವುದಿಲ್ಲ. ಎನರ್ಜಿ ಬಾರ್‌ಗಳನ್ನು ಮಾತ್ರ ಬ್ಯಾಗಿನ ಹೊರಜೇಬಿನಲ್ಲಿ ಬಿಟ್ಟಿದ್ದೆ. ತೆಗೆದಾಗ ಹಲ್ಲು ಇಳಿಯದಷ್ಟು ಗಟ್ಟಿ. ಜಾಕೆಟ್ ಒಳಗೆ, ಎದೆಗೆ ತಾಗಿಸಿ ಇಟ್ಟುಕೊಳ್ಳಬೇಕಿತ್ತು. ಸುಮಾರು 5,800 ಮೀಟರಿನಲ್ಲಿ ಗೆಳೆಯ ಹಿಮದ ಮೇಲೆ ಕೂತುಬಿಟ್ಟ. "ಕಾಲಲ್ಲಿ ಏನೂ ಇಲ್ಲ ಕಣೋ" ಅಂದ. ಒಂದೂವರೆ ದಿನದಿಂದ ಅವನ ಹೊಟ್ಟೆಗೆ ಬಿದ್ದದ್ದು ಚಹಾ ಮತ್ತು ನಾಲ್ಕು ಬಿಸ್ಕತ್ತು. ಗೈಡ್ ಇಬ್ಬರನ್ನು ಮುಂದೆ ಕರೆದೊಯ್ದರು. ಸಹಾಯಕ ಗೈಡ್ ಜೊತೆ ನಾನೂ ಅವನೂ ಇಳಿದೆವು.

ಕ್ಯಾಂಪಿನಲ್ಲಿ ಅಡುಗೆಯ ಲಡಾಖಿ ಅಣ್ಣ (ನಾವೆಲ್ಲ ಅವರನ್ನು 'ಆಚೋ' ಅಂತಲೇ ಕರೆಯುತ್ತಿದ್ದೆವು) ಇವನ ಮುಖ ನೋಡಿ ಏನೂ ಕೇಳಲಿಲ್ಲ. ಬಟ್ಟಲಿಗೆ ಒಂದು ಹಿಟ್ಟು ಸುರಿದು, ಉಪ್ಪು-ಬೆಣ್ಣೆಯ ಚಹಾ ಹಾಕಿ ಬೆರಳಲ್ಲೇ ಕಲಸಿ ಉಂಡೆ ಮಾಡಿಕೊಟ್ಟರು. ಅದಕ್ಕೆ ಖೋಲಕ್ ಅನ್ನುತ್ತಾರೆ. ಹುರಿದ ಬಾರ್ಲಿ ಹಿಟ್ಟು, ತ್ಸಂಪಾ. ವಾಸನೆ ಮೂಗಿಗೆ ಬಡಿದೊಡನೆ ನನಗೆ ನಮ್ಮನೆ ಹುರಿಹಿಟ್ಟಿನ ಡಬ್ಬಿ ನೆನಪಾಗಿ ಗಂಟಲು ಕಟ್ಟಿತು. ಮೊದಲೇ ಹುರಿದದ್ದು, ಬೇಯಿಸಬೇಕಿಲ್ಲ, ಅಗಿಯಬೇಕಿಲ್ಲ. ಆ ಎತ್ತರದ ನಾಡಿನಲ್ಲಿ ತಲೆಮಾರುಗಳಿಂದ ಬಾಳಿದ ಜನ ಇದನ್ನೇ ಉಂಡು ಬಂದವರು. ಗೆಳೆಯ ಮೂರು ಉಂಡೆ ತಿಂದ. ಸ್ವಲ್ಪ ಹೊತ್ತು ಬಿಟ್ಟು ಮತ್ತೊಂದು ಕೇಳಿದ.

ಈಗ ರೇಷನ್ ಪಟ್ಟಿ ಬರೆಯುವ ಮೊದಲು ಜೊತೆಗೆ ಬರುವವರಿಗೆಲ್ಲ ಒಂದೇ ಪ್ರಶ್ನೆ ಕೇಳುತ್ತೇನೆ: ಜ್ವರ ಬಂದಾಗ ನಿಮ್ಮ ಬಾಯಿಗೆ ಏನು ಸೇರುತ್ತೆ? ಈ ಸಲ ಒಬ್ಬರು ಗಂಜಿ, ನಿಂಬೆ ಉಪ್ಪಿನಕಾಯಿ ಅಂದರು. ಇನ್ನೊಬ್ಬರು ತಿಳಿಸಾರು. ಗೆಳೆಯ ಹುರಿಹಿಟ್ಟು ಅಂದ, ಅಮ್ಮ ಆಗಲೇ ರಾಗಿ ನೆನೆಹಾಕಿದ್ದಾಳೆ. ಎಳನೀರು ಅಂದವರಿಗಾಗಿ ಎಳನೀರಿನ ಪುಡಿ ತರಿಸಿ ನಿನ್ನೆ ಬಿಸಿನೀರಲ್ಲಿ ಕದಡಿ ಕುಡಿದು ನೋಡಿದೆ. ಚಿಟಿಕೆ ಉಪ್ಪು ಹಾಕಿದರೆ ಚೆನ್ನಾಗಿದೆ.